ರಾಣಿಪುರಂ ಹತ್ತಿದರೆ ಎವರೆಸ್ಟ್ ಬೇಸ್ ಕ್ಯಾಂಪಿಗೆ ಸಾಕೇ?

ವಾರಕ್ಕೊಮ್ಮೆ ರಾಣಿಪುರಂ ಹತ್ತುತ್ತೇನೆ, ಗೈಡ್ ಸಮೇತ 10 ದಿನದ ಬೇಸ್ ಕ್ಯಾಂಪ್ ಪ್ಯಾಕೇಜ್ ತಗೊಳ್ಳಲಾ ಅಂತ ಕೇಳಿದ್ದೀರಿ. ಕಾಲಿಗೆ ರಾಣಿಪುರಂ ಒಳ್ಳೆಯದೇ. ನಮ್ಮ ಕಾಸರಗೋಡಿನ ಸೆಕೆಯಲ್ಲಿ ಗುಡ್ಡ ಹತ್ತಿದವರಿಗೆ ದಮ್ಮು ಇರುತ್ತದೆ, ಅಲ್ವಾ? ಆದರೆ ಅದು ಸಾವಿರ ಮೀಟರ್ ಆಸುಪಾಸು, ಬೇಸ್ ಕ್ಯಾಂಪ್ 5,364. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲತೀರದ ಅರ್ಧದಷ್ಟು. ಇದಕ್ಕೆ ಇಲ್ಲಿ ತಯಾರಿ ಆಗುವುದಿಲ್ಲ, ಅಲ್ಲೇ ನಿಧಾನ ಏರಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೈ ಎತ್ತರಕ್ಕೆ ಒಗ್ಗಲು ದಾರಿಯ ಊರುಗಳಾದ ನಾಮ್ಚೆ, ಡಿಂಗ್‌ಬೋಚೆಯಲ್ಲಿ ಎರಡೆರಡು ರಾತ್ರಿ ಪ್ಯಾಕೇಜಿನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಮೋಡ ಕವಿದರೆ, ನಡಿಗೆ ಶುರುವಾಗುವ ಲುಕ್ಲಾ ಊರಿನ ವಿಮಾನ ನಿಲ್ಲುತ್ತದೆ. ವಾಪಸ್ ಟಿಕೆಟಿಗೆ ಎರಡು ದಿನ ಸಡಿಲ ಇಡಿ. ನೇಪಾಳಕ್ಕೆ ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು.