ಬೆಕ್ಕಿನ ಮೈಯಲ್ಲಿ ನಾಲ್ಕು ಚಿಗಟ, ಅದು ಮಲಗುವ ಕಂಬಳಿಯಲ್ಲಿ ನೂರು

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಕಡಪ ಕಲ್ಲು ಹಾಸಿದ ಹಳೇ ಮನೆ. ಇಲಿ ಕಾಟಕ್ಕೆ ಅಂತ ತಂದ ಬೆಕ್ಕು ಈಗ ಮನೆ ಮಗಳಾಗಿದೆ. ಮಳೆಗಾಲ ಶುರುವಾದಾಗಿನಿಂದ ಅದರ ಮೈತುಂಬ ಚಿಗಟ. ಎರಡು ಸಲ ಸ್ನಾನ ಮಾಡಿಸಿದೆವು, ಬೇವಿನೆಣ್ಣೆ ಹಚ್ಚಿದೆವು. ನಾಲ್ಕು ದಿನಕ್ಕೆ ಮತ್ತೆ ಅಷ್ಟೇ. ಈಗ ನಮ್ಮ ಕಾಲಿಗೂ ಕಚ್ಚುತ್ತಿವೆ. ಬೆಕ್ಕನ್ನು ಎಲ್ಲಾದರೂ ದೂರ ಬಿಟ್ಟು ಬನ್ನಿ ಅಂತ ಅತ್ತೆ ಹೇಳುತ್ತಿದ್ದಾರೆ. ಪಕ್ಕದ ಮನೆಯವರು ಎಮ್ಮೆಗೆ ಹಾಕುವ ಉಣ್ಣೆ ಔಷಧಿ ಕೊಟ್ಟಿದ್ದಾರೆ, ಒಂದು ಮುಚ್ಚಳ ನೀರಿಗೆ ಹಾಕಿ ತೊಳೆಯಿರಿ ಅಂತ. ಏನು ಮಾಡಲಿ?
– ಗೃಹಿಣಿ, ದಾವಣಗೆರೆ

ಉತ್ತರ: ಮೊದಲು ಆ ಬಾಟಲಿಯನ್ನು ಪಕ್ಕದ ಮನೆಗೆ ವಾಪಸ್ ಕೊಟ್ಟುಬಿಡಿ ತಾಯಿ. ಉಳಿದದ್ದೆಲ್ಲ ಆಮೇಲೆ ಮಾತಾಡೋಣ.

ದನ, ಕುರಿಗಳಿಗೆ ಕಚ್ಚುವ ಉಣ್ಣೆ ಹುಳಕ್ಕೆ ಹಾಕುವ ಔಷಧಿಗಳಲ್ಲಿ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇರುವುದೇ ಜಾಸ್ತಿ. ನಾಯಿಯ ಕುತ್ತಿಗೆಗೆ ಹಾಕುವ ಕೆಲವು ಹನಿ ಔಷಧಿಗಳಲ್ಲಿ ಪರ್‌ಮೆಥ್ರಿನ್ ಇರುತ್ತದೆ. ಎಮ್ಮೆ ತಡೆದುಕೊಳ್ಳುತ್ತದೆ, ನಾಯಿಯೂ ತಡೆದುಕೊಳ್ಳುತ್ತದೆ. ಬೆಕ್ಕಿನ ಲಿವರ್‌ಗೆ ಮಾತ್ರ ಇವನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ಹೋದ ಮಳೆಗಾಲದಲ್ಲಿ ಒಬ್ಬರು ಟವೆಲ್‌ನಲ್ಲಿ ಸುತ್ತಿಕೊಂಡು ಒಂದು ಬೆಕ್ಕನ್ನು ತಂದಿದ್ದರು. ಬಾಯಿಂದ ಜೊಲ್ಲು. ಕಿವಿ ಪಟಪಟ ಅದುರುತ್ತಿತ್ತು. ಟೇಬಲ್ ಮೇಲೆ ಇಟ್ಟರೆ ನಾಲ್ಕು ಕಾಲೂ ನಡುಗಿ ಉಗುರಿನ ಸದ್ದು ಕೇಳುತ್ತಿತ್ತು. ಹಿಂದಿನ ರಾತ್ರಿ ಪ್ರೀತಿಯಿಂದಲೇ ಅದಕ್ಕೆ ಉಣ್ಣೆ ಔಷಧಿ ಹಾಕಿ ತೊಳೆದಿದ್ದರು. ಎರಡು ದಿನ ಒದ್ದಾಡಿ ಬದುಕಿತು. ಎಲ್ಲ ಬೆಕ್ಕೂ ಬದುಕುವುದಿಲ್ಲ. ಯಾರಾದರೂ ಈಗಾಗಲೇ ಹಾಕಿಬಿಟ್ಟಿದ್ದರೆ, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಮೈ ತೊಳೆದು, ಚೆನ್ನಾಗಿ ಒರೆಸಿ, ತಕ್ಷಣ ಪಶು ವೈದ್ಯರ ಹತ್ತಿರ ಓಡಿ. ನಾಳೆ ನೋಡೋಣ ಅನ್ನಬೇಡಿ.

ಬೇವಿನೆಣ್ಣೆಯನ್ನೂ ನಿಲ್ಲಿಸಿ. ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ. ನೀವು ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ. ಸೀಮೆಎಣ್ಣೆ, ಕರ್ಪೂರ, ಫಿನಾಯಿಲ್ ಯಾವುದೂ ಅದರ ಮೈಗೆ ಸೋಕಬಾರದು. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಬಿಡುತ್ತದೆ ಅನ್ನುವವರೂ ಇದ್ದಾರೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ಬೆಕ್ಕಿನ ರಕ್ತ ಕೆಡಿಸುತ್ತವೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಸ್ನಾನ ಮಾಡಿಸಿದರೂ ನಾಲ್ಕೇ ದಿನಕ್ಕೆ ಯಾಕೆ ವಾಪಸ್ ಬಂತು?

ಬೆಕ್ಕಿನ ಮೈಮೇಲೆ ಕಾಣುವುದು ದೊಡ್ಡ ಚಿಗಟ ಮಾತ್ರ. ಅದು ಒಟ್ಟು ಸಂತಾನದಲ್ಲಿ ನೂರಕ್ಕೆ ಐದರಷ್ಟು. ಉಳಿದ ತೊಂಬತ್ತೈದು ಮೊಟ್ಟೆ, ಮರಿಹುಳ, ಗೂಡುಗಳ ರೂಪದಲ್ಲಿ ನಿಮ್ಮ ಮನೆಯಲ್ಲಿವೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಹೇನಿನ ಸೀರಿನ ಹಾಗೆ ಅವು ಕೂದಲಿಗೆ ಅಂಟಿಕೊಳ್ಳುವುದಿಲ್ಲ. ಬೆಕ್ಕು ಎಲ್ಲಿ ಮಲಗುತ್ತದೋ, ಎಲ್ಲಿ ಮೈ ಕೆರೆದುಕೊಳ್ಳುತ್ತದೋ ಅಲ್ಲಿ ಉಪ್ಪಿನ ಹರಳಿನಂತೆ ಉದುರುತ್ತವೆ. ಅದರಿಂದ ಹೊರಬರುವ ಮರಿಹುಳಕ್ಕೆ ಬೆಳಕು ಆಗದು. ಕಂಬಳಿಯ ಎಳೆಯೊಳಗೆ, ಕಲ್ಲಿನ ಸಂದಿಗೆ, ಮಂಚದ ಕೆಳಗಿನ ಧೂಳಿಗೆ ಇಳಿದುಬಿಡುತ್ತದೆ. ಅಲ್ಲಿ ಅದಕ್ಕೆ ಊಟ ಏನು ಗೊತ್ತಾ? ದೊಡ್ಡ ಚಿಗಟಗಳು ರಕ್ತ ಕುಡಿದು ಹಾಕಿದ ಹಿಕ್ಕೆ. ಅದೂ ಬೆಕ್ಕಿನ ಮೈಯಿಂದಲೇ ಉದುರಿರುತ್ತದೆ. ಗಾಳಿ ಒಣಗಿದ್ದರೆ ಈ ಹುಳ ಬದುಕುವುದಿಲ್ಲ. ನಮ್ಮ ಒಣ ಸೀಮೆಯಲ್ಲೂ ಮಳೆ ಬಿದ್ದ ಮೇಲೆ ಕಾಟ ಹೆಚ್ಚಾಗುವುದು ಅದಕ್ಕೇ.

ಕೊನೆಗೆ ಹುಳ ಗೂಡು ಕಟ್ಟಿಕೊಳ್ಳುತ್ತದೆ. ಈ ಗೂಡೇ ದೊಡ್ಡ ತಲೆನೋವು. ಅದಕ್ಕೆ ಧೂಳು ಅಂಟಿ ಕಣ್ಣಿಗೆ ಕಾಣುವುದಿಲ್ಲ, ಸ್ಪ್ರೇ ಹೊಡೆದರೂ ಒಳಗೆ ಇಳಿಯುವುದಿಲ್ಲ. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ನೆಲ ಅದುರಿದರೆ, ಮೈಬಿಸಿ ತಾಗಿದರೆ, ನಮ್ಮ ಉಸಿರು ಸೋಕಿದರೆ ಹೊರಗೆ ಜಿಗಿಯುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದು ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಹಿಂಡುಹಿಂಡಾಗಿ ಕಚ್ಚಿದವು ಅಂತ ಜನ ಹೇಳುತ್ತಾರಲ್ಲ, ಕಾರಣ ಇದೇ.

ಹಾಗಾಗಿ ಅತ್ತೆಯವರಿಗೆ ಒಂದು ಮಾತು ಹೇಳಿ. ಬೆಕ್ಕನ್ನು ಬಿಟ್ಟು ಬಂದರೆ ಚಿಗಟ ಮನೆ ಬಿಡುವುದಿಲ್ಲ. ಗೂಡಿನಿಂದ ಬರುವ ಹಸಿದ ಚಿಗಟಗಳಿಗೆ ಆಗ ಸಿಗುವುದು ನಿಮ್ಮ ಕಾಲೇ. ಅದೇ ಬೆಕ್ಕು ಔಷಧಿ ಹಾಕಿಸಿಕೊಂಡು ಮನೆಯಲ್ಲೇ ಓಡಾಡಿಕೊಂಡಿದ್ದರೆ, ಅವು ಅದರ ಮೈಗೆ ಹತ್ತಿ ಸಾಯುತ್ತವೆ. ನಿಮ್ಮ ಮನೆ ಶುದ್ಧವಾಗಬೇಕಾದರೆ ಆ ಬೆಕ್ಕು ಅಲ್ಲೇ ಇರಬೇಕು.

ಔಷಧಿ ವಿಷಯ. ಬೆಕ್ಕಿಗೆಂದೇ ಮಾಡಿದ ಹನಿ ಔಷಧಿ ಸಿಗುತ್ತದೆ. ಫಿಪ್ರೊನಿಲ್ ಇರುವುದು, ಸೆಲಾಮೆಕ್ಟಿನ್ ಇರುವುದು ಹೀಗೆ. ಬೆಕ್ಕಿನ ತೂಕ, ವಯಸ್ಸು ಹೇಳಿ ಪಶು ವೈದ್ಯರಿಂದ ಬರೆಸಿಕೊಳ್ಳಿ. ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರ ಇದೆಯಾ ನೋಡಿ. ನಾಯಿಯದ್ದು ತಂದು ಅರ್ಧ ಹಾಕುವುದು ಬೇಡ. ತಲೆಬುರುಡೆಯ ಕೆಳಗೆ, ಕತ್ತಿನ ಹಿಂದೆ ಕೂದಲು ಸರಿಸಿದರೆ ಚರ್ಮ ಕಾಣುತ್ತದೆ. ಹನಿ ಆ ಚರ್ಮಕ್ಕೇ ಬೀಳಬೇಕು, ಕೂದಲಿಗಲ್ಲ. ಅಲ್ಲಿಗೆ ಅದರ ನಾಲಿಗೆ ಎಟುಕುವುದಿಲ್ಲ. ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ತಿಂಗಳಿಗೊಮ್ಮೆ, ಕಡಿಮೆ ಅಂದರೂ ಮೂರು ತಿಂಗಳು ಬಿಡದೆ ಹಾಕಿ. ಮನೆಯಲ್ಲಿ ಇನ್ನೊಂದು ಬೆಕ್ಕೋ ನಾಯಿಯೋ ಇದ್ದರೆ ಅದಕ್ಕೂ ಅದೇ ದಿನ ಅದರದ್ದೇ ಔಷಧಿ.

ಇನ್ನು ಮನೆ. ಬೆಕ್ಕು ಎಲ್ಲಿ ಮಲಗುತ್ತದೆ ಅಂತ ಎರಡು ದಿನ ಗಮನಿಸಿ. ನಮ್ಮ ಕಡೆ ಹೆಚ್ಚಾಗಿ ಅದು ಅಜ್ಜನ ಚಳ್ಳಕೆರೆ ಕಂಬಳಿ ಮೇಲೋ, ಹಳೇ ಸೀರೆಯ ಕೌದಿ ಮೇಲೋ ಇರುತ್ತದೆ. ಕೌದಿ, ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಗೆಯಿರಿ. ಉಣ್ಣೆ ಕಂಬಳಿಗೆ ಬಿಸಿನೀರು ಆಗದು. ಅದನ್ನು ಅಂಗಳದಲ್ಲಿ ಕೋಲಿನಿಂದ ಬಡಿದು, ಕಟು ಬಿಸಿಲಿಗೆ ಹರವಿ, ಮಧ್ಯಾಹ್ನ ಮಗುಚಿ ಹಾಕಿ. ವಾರಕ್ಕೊಮ್ಮೆ ಹೀಗೆ. ಆಮೇಲೆ ಬೆಕ್ಕಿಗೆ ಒಗೆಯಲು ಸುಲಭವಾದ ಒಂದೇ ಹಳೇ ಟವೆಲ್ ಹಾಸಿ ಅಲ್ಲೇ ರೂಢಿ ಮಾಡಿಸಿ.

ಕಡಪ ಕಲ್ಲಿನ ಸಂದಿಗಳನ್ನು ಮರೆಯಬೇಡಿ. ಗಟ್ಟಿ ಬ್ರಷ್‌ನಿಂದ ಧೂಳು ಕೆದಕಿ ತೆಗೆಯಿರಿ, ಆಮೇಲೆ ಸೋಪಿನ ಬಿಸಿನೀರಿನಿಂದ ಉಜ್ಜಿ. ಆಗುವುದಾದರೆ ಸಂದಿಗೆ ಸಿಮೆಂಟ್ ತುಂಬಿಸಿಬಿಡಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಗುಡಿಸಿದ ಕಸವನ್ನು ಕವರ್‌ಗೆ ಹಾಕಿ ಬಾಯಿ ಕಟ್ಟಿ ಅವತ್ತೇ ಹೊರಗೆ ಕಳಿಸಿ. ಮಂಚದಡಿ, ಮೂಟೆಗಳ ಹಿಂದೆ ದಿನಾ ಕೈ ಆಡಬೇಕು. ಸ್ಪ್ರೇ ಹೊಡೆಸುವುದಾದರೆ, ನೆಲ ಪೂರ್ತಿ ಒಣಗುವ ತನಕ ಬೆಕ್ಕನ್ನೂ ಮಕ್ಕಳನ್ನೂ ಹೊರಗೇ ಇಡಿ.

ಎರಡನೇ ವಾರದಲ್ಲಿ ಚಿಗಟ ಮತ್ತೆ ಕಾಣಿಸುತ್ತವೆ. ಔಷಧಿ ಸುಮ್ನೆ ದಂಡ ಅಂತ ಜನ ಬಿಟ್ಟುಬಿಡುವುದು ಆಗಲೇ. ಅವು ಹಳೇ ಗೂಡಿನಿಂದ ಹೊಸದಾಗಿ ಬಂದವು. ದಯವಿಟ್ಟು ಬಿಡಬೇಡಿ.

ಪ್ರಶ್ನೆ: ನಮ್ಮ ಮಾಳಿಗೆ ಮನೆಯ ಅಟ್ಟದಲ್ಲಿ ಬೆಕ್ಕು ಮರಿ ಹಾಕಿದೆ. ಒಂದು ತಿಂಗಳಾಯಿತು. ಒಂದು ಮರಿ ಆಡುವುದಿಲ್ಲ, ಮುದುಡಿಕೊಂಡಿರುತ್ತದೆ. ಮೈಯಲ್ಲಿ ಕರಿ ಪುಡಿ ಇದೆ. ಕೊಳೆ ಇರಬಹುದಾ?
– ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಆ ಪುಡಿಯನ್ನು ಸ್ವಲ್ಪ ಒದ್ದೆ ಮಾಡಿದ ಬಿಳಿ ಬಟ್ಟೆ ಮೇಲೆ ಉದುರಿಸಿ ಒಂದು ನಿಮಿಷ ಕಾಯಿರಿ. ಸುತ್ತಲೂ ಕೆಂಪು ಬಣ್ಣ ಹರಡಿತಾ? ಹಾಗಿದ್ದರೆ ಅದು ಕೊಳೆ ಅಲ್ಲಪ್ಪ, ಚಿಗಟದ ಹಿಕ್ಕೆ. ಆ ಕೆಂಪು ನಿಮ್ಮ ಮರಿಯದೇ ರಕ್ತ.

ಈಗಲೇ ಮರಿಯ ತುಟಿ ಎತ್ತಿ ವಸಡು ನೋಡಿ. ನಸುಗೆಂಪು ಇರಬೇಕು. ಬಿಳುಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಅಂತ ಅರ್ಥ. ಅಂಗೈಯಷ್ಟು ಮರಿಯಲ್ಲಿ ರಕ್ತ ಇರುವುದೇ ಎಷ್ಟು? ಇವತ್ತೇ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ದಾರಿಯಲ್ಲಿ ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿಕೊಳ್ಳಿ.

ಈ ವಯಸ್ಸಿಗೆ ದೊಡ್ಡ ಬೆಕ್ಕಿನ ಹನಿ ಔಷಧಿ ನೀವೇ ಹಾಕಬೇಡಿ. ಹೇನು ಬಾಚುವ ಸಣ್ಣ ಹಲ್ಲಿನ ಬಾಚಣಿಗೆ ಸಾಕು. ಕತ್ತು, ಹೊಟ್ಟೆ, ಬಾಲದ ಬುಡ ನಿಧಾನ ಬಾಚಿ, ಸಿಕ್ಕಿದ ಚಿಗಟವನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದಿ. ಬರೀ ನೀರಿಗೆ ಹಾಕಿದರೆ ತೇಲಿ ಜಿಗಿದುಬಿಡುತ್ತವೆ. ಬೆಳಿಗ್ಗೆ ಸಂಜೆ ಬಾಚಿ, ಹಾಸಿದ ಬಟ್ಟೆ ದಿನಾ ಬದಲಿಸಿ. ತಾಯಿಗೂ ಚಿಕಿತ್ಸೆ ಬೇಕೇ ಬೇಕು. ಮರಿಗೆ ಹಾಲು ಕೊಡುತ್ತಿದೆ ಅಂತ ವೈದ್ಯರಿಗೆ ತಿಳಿಸಿ, ಅದಕ್ಕೆ ಹೊಂದುವ ಔಷಧಿ ಕೊಡುತ್ತಾರೆ.

ಪ್ರಶ್ನೆ: ನಮ್ಮ ಬೆಕ್ಕಿನ ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದು ಅಂಟಿರುತ್ತದೆ, ಕೆಲವು ಅಲ್ಲಾಡುತ್ತವೆ. ನಾಲ್ಕು ವರ್ಷದ ಮಗಳು ಅದರ ಜೊತೆಗೇ ಆಡುತ್ತಾಳೆ, ಭಯ ಆಗುತ್ತದೆ.
– ತಾಯಿ, ಹಿರಿಯೂರು

ಉತ್ತರ: ಅದು ಲಾಡಿಹುಳದ ತುಂಡು. ಬೆಕ್ಕು ಮೈ ನೆಕ್ಕುವಾಗ ಚಿಗಟ ನುಂಗುತ್ತದೆ, ಚಿಗಟದ ಹೊಟ್ಟೆಯಲ್ಲಿದ್ದ ಹುಳದ ಮರಿ ಬೆಕ್ಕಿನ ಕರುಳು ಸೇರುತ್ತದೆ. ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನು ತೂಕ ನೋಡಿ ಕೊಟ್ಟರೆ ಹುಳ ಹೋಗುತ್ತದೆ. ಚಿಗಟ ಉಳಿದರೆ ಹುಳ ಮತ್ತೆ ಬರುತ್ತದೆ. ಎರಡನ್ನೂ ಒಟ್ಟಿಗೆ ಮಾಡಿ.

ಮಗುವಿಗೆ ಇದು ಬರುವುದು ಚಿಗಟವನ್ನೇ ನುಂಗಿದರೆ ಮಾತ್ರ. ಅಪರೂಪ. ಬೆಕ್ಕನ್ನು ಮುಟ್ಟಿದ ಮೇಲೆ ಊಟಕ್ಕೆ ಮುಂಚೆ ಕೈ ತೊಳೆಸಿ. ಮಗುವಿನ ಮಲದಲ್ಲಿ ಅಂಥ ಕಾಳು ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಅದಕ್ಕೂ ಔಷಧಿ ಇದೆ. ಬೆಕ್ಕಿನ ಚಿಗಟ ಮಗಳ ತಲೆಕೂದಲಲ್ಲಿ ಮನೆ ಮಾಡುವುದಿಲ್ಲ, ಕಚ್ಚಿ ಹೋಗುತ್ತದೆ ಅಷ್ಟೇ. ಅದಕ್ಕೆ ಅಂತ ಅವಳ ತಲೆಗೆ ಯಾವ ಔಷಧಿಯನ್ನೂ ಹಾಕಬೇಡಿ.