ತುವೋಲ್ ಸ್ಲೆಂಗ್, ಚೋಂಗ್ ಎಕ್ ಒಂದೇ ಬೆಳಿಗ್ಗೆ ಮುಗಿಸಬಹುದಾ?

ಕಾಂಬೋಡಿಯಾದ ತುವೋಲ್ ಸ್ಲೆಂಗ್ ಜೈಲು ಮ್ಯೂಸಿಯಂ, ಚೋಂಗ್ ಎಕ್ ವಧಾಸ್ಥಳ ಎರಡನ್ನೂ ಬೆಳಿಗ್ಗೆಯೇ ನೋಡಿ ಮಧ್ಯಾಹ್ನ ಆಂಗ್ಕೋರ್ ದೇವಾಲಯಗಳ ಕಡೆಗೆ ಬಸ್ ಹಿಡಿಯಬಹುದಾ ಅಂತ ಕೇಳಿದ್ದೀರಿ. ನಾವು ಮಾಡಿದ್ದೂ ಅದನ್ನೇ. ನೀವು ಮಾಡಬೇಡಿ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು, ಕನ್ನಡ ಮಾಧ್ಯಮ ಶಾಲೆಯ ಗಣಿತ ಟೀಚರ್. ಚೋಂಗ್ ಎಕ್ ಇರುವುದು ರಾಜಧಾನಿ ಫ್ನೋಮ್ ಪೆನ್ ಪಟ್ಟಣದ ಹೊರಗೆ. ಆಮೇಲೆ ಟ್ರಾಫಿಕ್ ಜಾಸ್ತಿಯಾಗುತ್ತದೆ, ಮೊದಲು ಅಲ್ಲಿಗೇ ಹೋಗೋಣ ಅಂದ ಗಾಡಿಯವನು. ನಾವು ಹೂಂ ಅಂದೆವು. ಕೆಟ್ಟದ್ದು ಅಲ್ಲೇ. ಯಾಕೆಂದರೆ ಆಗ ದೇಶ ಆಳುತ್ತಿದ್ದ ಕಮ್ಯುನಿಸ್ಟ್ ಗುಂಪು ಖಮೇರ್ ರೂಜ್‌ನವರು ಜನರನ್ನು ಕೂಡಿಹಾಕಿದ್ದು, ಫೋಟೋ ತೆಗೆದದ್ದು, ಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಂಡದ್ದು ತುವೋಲ್ ಸ್ಲೆಂಗ್‌ನಲ್ಲಿ. ಅಲ್ಲಿಂದ ರಾತ್ರಿ ಲಾರಿಗೆ ತುಂಬಿ ಚೋಂಗ್ ಎಕ್‌ಗೆ ಒಯ್ದು ಕೊಂದರು. ನಾವು ಹೋದದ್ದು ಉಲ್ಟಾ. ಮೊದಲು ಕಂಡದ್ದು ಸ್ತೂಪದೊಳಗೆ ಜೋಡಿಸಿಟ್ಟ 5,000ಕ್ಕೂ ಹೆಚ್ಚು ತಲೆಬುರುಡೆಗಳು. ಇವರೆಲ್ಲ ಯಾರು ಅನ್ನುವುದೇ ಮನಸ್ಸಿಗೆ ಬಾರದೆ, ಸುಮ್ನೆ ಒಂದು ಸುತ್ತು ಹಾಕಿ ಹೊರಟೆವು. ಮುಖಗಳನ್ನು ನೋಡಿದ್ದು ಆಮೇಲೆ, ತುವೋಲ್ ಸ್ಲೆಂಗ್‌ನಲ್ಲಿ. ಗೋಡೆ ತುಂಬ ಕಪ್ಪು ಬಿಳುಪು ಫೋಟೋಗಳು. ನನ್ನ ಏಳನೇ ಕ್ಲಾಸಿನವರ ಪ್ರಾಯದ ಮಕ್ಕಳೂ ಇದ್ದರು. ಮತ್ತೆ ಚೋಂಗ್ ಎಕ್‌ಗೆ ಹೋಗಲೇಬೇಕು ಅನ್ನಿಸಿತು. ಬಸ್ಸಿಗೆ ಹೊತ್ತಾಗಿತ್ತು.

ಆ ಜೈಲು ಮೊದಲು ಹೈಸ್ಕೂಲು. ನಮ್ಮ ಶಾಲೆಯ ಹಾಗೇ ಉದ್ದ ವರಾಂಡ. ಕ್ಲಾಸ್‌ರೂಮಿನೊಳಗೆ ಇಟ್ಟಿಗೆ ಗೋಡೆ ಎಬ್ಬಿಸಿ, ಒಬ್ಬರು ಮಲಗಿದರೆ ತುಂಬಿಹೋಗುವ ಸೆಲ್‌ಗಳನ್ನು ಮಾಡಿದ್ದಾರೆ. ಕೈದಿಗಳು ಮೇಲಿನಿಂದ ಹಾರಿ ಸಾಯಬಾರದು ಅಂತ ವರಾಂಡಕ್ಕೆ ಮುಳ್ಳುತಂತಿ ಬಿಗಿದಿದ್ದಾರೆ. ಮಕ್ಕಳು ವ್ಯಾಯಾಮ ಮಾಡುತ್ತಿದ್ದ ಕಂಬಕ್ಕೇ ಜನರನ್ನು ನೇತುಹಾಕಿದರು. 1975ರಿಂದ 1979ರೊಳಗೆ ಇಲ್ಲಿಗೆ ಬಂದವರು 12,000ಕ್ಕೂ ಹೆಚ್ಚು, ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಇದನ್ನೆಲ್ಲ ನಡೆಸಿದ ಡೂಕ್ ಅನ್ನುವವನು ಹಿಂದೆ ಗಣಿತದ ಮಾಷ್ಟ್ರು. ಅವನಿಗೆ ಜೀವಾವಧಿ ಶಿಕ್ಷೆ ಆದದ್ದು 2012ರಲ್ಲಿ, ಅಷ್ಟು ತಡವಾಗಿ. ಗಣಿತದ ಮಾಷ್ಟ್ರು ಅಂತ ಕೇಳಿದಾಗ ನನಗಾದ ಸಂಕಟವನ್ನು ಹೇಳಲು ಬರುವುದಿಲ್ಲ. ಮಕ್ಕಳ ತಪ್ಪು ಹುಡುಕುವುದೇ ನನ್ನ ಕೆಲಸವೂ ಅಲ್ವಾ?

ಹಾಗಾಗಿ ಎಷ್ಟು ಗಂಟೆ ಸಾಕು ಅನ್ನುವ ಲೆಕ್ಕವನ್ನೇ ಬಿಡಿ. ಮೊದಲ ದಿನ ತುವೋಲ್ ಸ್ಲೆಂಗ್, ಮರುದಿನ ಚೋಂಗ್ ಎಕ್. ಆಡಿಯೋ ಗೈಡ್ ತಪ್ಪದೆ ತೆಗೆದುಕೊಳ್ಳಿ. ಗಾಡಿಯವರು ಏನೇ ಹೇಳಲಿ, ಈ ಕ್ರಮ ಬದಲಿಸಬೇಡಿ. ಆಂಗ್ಕೋರ್‌ಗೆ ಒಂದು ದಿನ ಕಮ್ಮಿಯಾದರೆ ಆಗಲಿ. ಇರುವುದು ಅದೊಂದೇ ಬೆಳಿಗ್ಗೆ ಅಂತಾದರೆ ತುವೋಲ್ ಸ್ಲೆಂಗ್ ಮಾತ್ರ ನೋಡಿ, ಚೋಂಗ್ ಎಕ್ ಬಿಟ್ಟುಬಿಡಿ.