ಹಳೆ ಪ್ಲೇಟು ಮತ್ತೆ ಯಾಕೆ ಬರಬೇಕು?

ಸಿಂಧನೂರಿನ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಸೋಲ್, ಫಂಕ್, ಜಾಝ್ ಅಂತ ನಾಲ್ಕು ಪುಟ ತುಂಬಿಸಿದ್ದೀರಿ. ಅದರಲ್ಲಿ ಅರ್ಧಕ್ಕರ್ಧ 50 ವರ್ಷ ಹಳೆಯ ಹಾಡುಗಳ ಮರುಬಿಡುಗಡೆ. ಎಲ್ಲವೂ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಮತ್ತೆ ಗ್ರಾಮಫೋನ್ ಪ್ಲೇಟು ಅಚ್ಚು ಹಾಕೋದು ಯಾಕೆ? ನಮ್ಮ ಅಲಾಯಿ (ಮೊಹರಂ) ಹಬ್ಬದ ಹಲಗೆ ಬಿಟ್ಟು ಅಮೆರಿಕದ ಡ್ರಮ್ಮು ನಮಗ್ಯಾಕೆ?"

ಹಲಗೆಯಿಂದಲೇ ಶುರು ಮಾಡೋಣ. ಅಲಾಯಿ ಕುಣಿತದಲ್ಲಿ ಸುತ್ತು ಮುಗಿದು ಮೊದಲ ಪೆಟ್ಟು ಬಿದ್ದಾಗ ಎಲ್ಲರ ಕಾಲೂ ಒಟ್ಟಿಗೆ ನೆಲಕ್ಕೆ ಬೀಳುತ್ತೆ, ಅಲ್ವಾ? ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಮ್ಮ ವಾದ್ಯದವರಿಂದ ಕೇಳುತ್ತಿದ್ದದ್ದೂ ಅದನ್ನೇ. ಒಂದನೇ ಪೆಟ್ಟು ಗಟ್ಟಿಯಾಗಿ ಬೀಳಬೇಕು. ಅವರ 1967ರ ಹಾಡು 'ಕೋಲ್ಡ್ ಸ್ವೆಟ್' ಕೇಳಿ ನೋಡಿ. ಗಿಟಾರು, ಸ್ಯಾಕ್ಸೊಫೋನು ಕೂಡ ಅಲ್ಲಿ ಹಲಗೆಯ ಕೆಲಸವನ್ನೇ ಮಾಡುತ್ತವೆ. ಫಂಕ್ ಹುಟ್ಟಿದ್ದು ಹೀಗೆ.

ಆ ಹಾಡಿಗೆ ಡ್ರಮ್ಮು ಬಾರಿಸಿದವರು ಕ್ಲೈಡ್ ಸ್ಟಬಲ್‌ಫೀಲ್ಡ್. 1970ರಲ್ಲಿ ಬಂದ ಬ್ರೌನ್ ಅವರ 'ಫಂಕಿ ಡ್ರಮ್ಮರ್'ನಲ್ಲಿ ಉಳಿದ ವಾದ್ಯಗಳೆಲ್ಲ ನಿಂತು, ಸ್ವಲ್ಪ ಹೊತ್ತು ಅವರೊಬ್ಬರೇ ಬಾರಿಸುತ್ತಾರೆ. ಮುಂದೆ ಆ ತುಣುಕನ್ನು ಕತ್ತರಿಸಿ ಸಾವಿರಕ್ಕೂ ಜಾಸ್ತಿ ಹಾಡುಗಳಲ್ಲಿ ಬಳಸಿಕೊಂಡರು. ಡೌನ್‌ಟೆಂಪೊ ಅಂತ ರಾತ್ರಿ ಕೇಳುವ ನಿಧಾನದ ಸಂಗೀತವೂ ಬೆಳೆದದ್ದು ಇಂಥ ಹಳೆ ತುಣುಕುಗಳನ್ನು ಜೋಡಿಸುತ್ತಲೇ. ಆದರೆ 'ಫಂಕಿ ಡ್ರಮ್ಮರ್' ಹಾಡು ಕಟ್ಟಿದವರ ಪಟ್ಟಿಯಲ್ಲಿ ಸ್ಟಬಲ್‌ಫೀಲ್ಡ್ ಅವರ ಹೆಸರಿರಲಿಲ್ಲ. ಹಾಗಾಗಿ ರಾಯಲ್ಟಿಯೂ ಕೈಗೆ ಹತ್ತಲಿಲ್ಲ. 2017ರಲ್ಲಿ ತೀರಿಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತೆ.

ಒಳ್ಳೆಯ ಮರುಬಿಡುಗಡೆ ಬೇಕಾಗಿರೋದು ಇದಕ್ಕೇ. ಹಾಡು ಮೊಬೈಲಿನಲ್ಲಿ ಸಿಗುತ್ತೆ, ನಿಜ. ಆದರೆ ಅಲ್ಲಿ ಬಹಳ ಸಲ ಹಾಡಿದವರ ಹೆಸರು ಕಂಡರೆ ಹೆಚ್ಚು. ಮನಸ್ಸಿಟ್ಟು ಕೆಲಸ ಮಾಡುವವರು ಮೂಲ ಟೇಪು ಹುಡುಕುತ್ತಾರೆ. ಕಲಾವಿದರನ್ನೋ ಅವರ ಮನೆಯವರನ್ನೋ ಪತ್ತೆ ಮಾಡಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಯಾರು ಏನು ಬಾರಿಸಿದರು ಅಂತ ಪುಸ್ತಿಕೆಯಲ್ಲಿ ಬರೆಯುತ್ತಾರೆ. ಸುಮ್ನೆ ಸಿಡಿಯಿಂದ ನಕಲು ಮಾಡಿ ಪ್ಲೇಟು ಒತ್ತುವವರೂ ಇದ್ದಾರೆ. ಅವರಿಗೆ ನಿಮ್ಮ ದುಡ್ಡು ಕೊಡಬೇಡಿ.

ಒಳ್ಳೆಯ ಮರುಬಿಡುಗಡೆಗೆ ಒಂದು ಉದಾಹರಣೆ ಕೊಡ್ತೀನಿ. ಕೋಲ್ಕತ್ತಾದ ಗಾಯಕಿ ರೂಪಾ ಬಿಸ್ವಾಸ್ ಅವರ 'ಡಿಸ್ಕೊ ಜಾಝ್' ಪ್ಲೇಟು 1982ರಲ್ಲಿ ಬಂತು. ಧ್ವನಿಮುದ್ರಣ ಆದದ್ದು ಕೆನಡಾದ ಕ್ಯಾಲ್ಗರಿಯಲ್ಲಿ. ಸರೋದ್ ಆಶಿಶ್ ಖಾನ್ ಅವರದು. ಪ್ಲೇಟು ಮಾರಾಟವಾಗಲಿಲ್ಲ, ಜನ ಮರೆತರು. ಎಷ್ಟೋ ವರ್ಷದ ಮೇಲೆ, ಅದನ್ನು ದೂರದೂರದ ದೇಶಗಳಲ್ಲಿ ಜನ ಹುಡುಕುತ್ತಿದ್ದಾರೆ ಅಂತ ರೂಪಾ ಅವರ ಮಗ ಕಂಡುಕೊಂಡರು. 2019ರಲ್ಲಿ ಶಿಕಾಗೊದ ನ್ಯೂಮೆರೊ ಗ್ರೂಪ್ ಕಂಪನಿ ಅದನ್ನು ಮತ್ತೆ ತಂದಿತು. ಹಾಡಿದವರು ಬದುಕಿರುವಾಗಲೇ ಬಂತು ಅನ್ನೋದು ನನಗೆ ದೊಡ್ಡ ಸಮಾಧಾನ.

ಇನ್ನೂ ಹತ್ತಿರದ್ದು ಬೇಕಾ? ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಅನ್ನೋ ಪ್ಲೇಟು ಮಾಡಿದರು. ಆರ್. ಎ. ರಮಾಮಣಿ ಅವರ ದನಿ, ಟಿ. ಎ. ಎಸ್. ಮಣಿ ಅವರ ಮೃದಂಗ, ಜೊತೆಗೆ ಆ ಸ್ಯಾಕ್ಸೊಫೋನು. ಪರದೇಶದ ಸಂಗೀತ ಅಂತ ಹೆದರುವವರು ಇಲ್ಲಿಂದಲೇ ಶುರು ಮಾಡಬಹುದು.

ಬಳ್ಳಾರಿಯ ನಮ್ಮ ಮನೆಯಲ್ಲಿ ಅಪ್ಪನ ಒಂದು ಟ್ರಂಕು ಇತ್ತು. ಅದರ ತುಂಬ ಕಂಪನಿ ನಾಟಕದ ಹಾಡುಗಳ ಪ್ಲೇಟು. ತಗಡಿನ ಮಾಡಿನ ಕೆಳಗೆ ಒಂದೇ ಬೇಸಿಗೆಯಲ್ಲಿ ಎಲ್ಲ ಡೊಂಕಾದವು. ಲೇಬಲ್ಲಿನ ಮೇಲೆ ಹಾಡಿದವರ ಹೆಸರಿತ್ತು. ಹಾರ್ಮೋನಿಯಂ ಯಾರದು, ತಬಲಾ ಯಾರದು ಅಂತ ಅಪ್ಪನಿಗೆ ಬಾಯಿಪಾಠ ಇತ್ತು. ಅಪ್ಪ ಇದ್ದಾಗ ನಾನು ಬರೆದಿಟ್ಟುಕೊಳ್ಳಲಿಲ್ಲ. ಈಗ ಕೇಳೋಣ ಅಂದರೆ ಯಾರೂ ಇಲ್ಲ.

ನಿಮ್ಮ ಊರಿನ ಅಲಾಯಿ ಪದಗಳನ್ನು ಯಾರಾದರೂ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರೆ ದಯವಿಟ್ಟು ತಿಳಿಸಿ. ಹಾಡಿದವರ ಹೆಸರಿನ ಜೊತೆ ಹಲಗೆ ಬಾರಿಸಿದವರ ಹೆಸರನ್ನೂ ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕಾಗಿ ಎರಡು ಪುಟ ತೆಗೆದಿಟ್ಟಿದ್ದೇನೆ.